ಮನೆಮಾತು: ಹೊಸ ದಾದಿಯ ಮೊದಲ ತಿಂಗಳು

ಊರಿನ ಕಡೆಯವರಿಗೆ ಶಿರೂರು ಎಂದರೆ ಬೈಂದೂರಿನ ಹತ್ತಿರದ ಶಿರೂರು ನೆನಪಾಗುತ್ತದೆ. ನಮ್ಮದು ಅದಲ್ಲ, ಪುಣೆಯಿಂದ ಅಹಿಲ್ಯಾನಗರಕ್ಕೆ (ಹಿಂದಿನ ಅಹಮದನಗರ) ಹೋಗುವ ಹಾದಿಯಲ್ಲಿ, ಘೋಡ್ ನದಿಯ ದಂಡೆಯ ಶಿರೂರು. ಇಲ್ಲಿ ನೆಲೆಸಿದ ನಮ್ಮ ಮಂದಿಯ ಹೆಣ್ಣುಮಕ್ಕಳಲ್ಲಿ ಕೆಲವರು ನರ್ಸಿಂಗ್ ಓದಿ ಕೆಲಸಕ್ಕೆ ಸೇರುತ್ತಿದ್ದಾರೆ. ಅಂಥವಳೊಬ್ಬಳು, ಹಾಸಿಗೆ ಹಿಡಿದ ವೃದ್ಧರನ್ನು ನೋಡಿಕೊಳ್ಳುವ ಸಂಸ್ಥೆಯೊಂದನ್ನು ಸೇರಿ ತಿಂಗಳಾಗಿತ್ತಷ್ಟೆ, ನಮ್ಮಲ್ಲಿಗೆ ಬಂದಳು.

“ಕಾಕಾ, ಒಬ್ಬರ ಹಾಸಿಗಿ ಬದಲಿ ಮಾಡೂದ್ರಾಗ ಇನ್ನಿಬ್ಬರು ಕರೀತಾರ. ಎಷ್ಟು ಮಾಡಿದ್ರೂ ಯಾರೂ ಗುಣಾ ಆಗಿ ಮನೀಗೆ ಹೋಗೂದಿಲ್ಲ. ರಾಜೀನಾಮೆ ಹ್ಯಾಂಗ ಬರೀಬೇಕು ಹೇಳ್ರಿ” ಎಂದಳು.

ಅರ್ಜಿ ಬರೆಯುವುದು ಗುಮಾಸ್ತರಾದ ನಮಗೆ ನಿತ್ಯದ ಕೆಲಸ. ಆದರೂ ಲೇಖನಿ ಮೇಲೇಳಲಿಲ್ಲ. ಯಾರೂ ಗುಣವಾಗಿ ಮನೆಗೆ ಹೋಗುವುದಿಲ್ಲ ಎಂಬ ಮಾತು ನಮ್ಮನ್ನು ತಡೆಯಿತು. ಆಕೆ ಕಲಿತು ಬಂದದ್ದು ಜ್ವರ ಇಳಿಯುವ, ಹೊಲಿಗೆ ಬಿಚ್ಚಿಸಿಕೊಂಡು ಮನೆಗೆ ಹೋಗುವ ರೋಗಿಗಳ ನಡುವೆ. ಆ ಅಳತೆಗೋಲನ್ನೇ ಇಲ್ಲಿಗೂ ತಂದರೆ ದಿನದಿನವೂ ಸೋಲೇ ಕಾಣುವುದು ಸಹಜ. ನಮ್ಮ ಪುಣೆಯ ಖಡಕಿಯಲ್ಲಿ 1974ರಲ್ಲಿ ಆರಂಭವಾದ ಪ್ಯಾರಾಪ್ಲೆಜಿಕ್ ಪುನರ್ವಸತಿ ಕೇಂದ್ರವಿದೆ. ಬೆನ್ನುಹುರಿಗೆ ಪೆಟ್ಟು ಬಿದ್ದ ಸೈನಿಕರ ಆರೈಕೆ ಅಲ್ಲಿ ನಡೆಯುತ್ತದೆ. ಅಂಥ ಆರೈಕೆಯಲ್ಲಿ ಬೆನ್ನಿಗೆ ಹಾಸಿಗೆಹುಣ್ಣು ಆಗದೆ ಒಂದು ವರ್ಷ ಕಳೆದರೆ ಅದೇ ದೊಡ್ಡ ಗೆಲುವು. ಆದರೆ ಆಗದೇ ಹೋದ ಹುಣ್ಣು ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ!

ಇದು ಆಕೆಯೊಬ್ಬಳ ಅಳುಕಲ್ಲ. ಇಸಾಬೆಲ್ ಮೆಂಜೀಸ್ ಎಂಬಾಕೆ ಲಂಡನ್ನಿನ ಒಂದು ದೊಡ್ಡ ಆಸ್ಪತ್ರೆಯನ್ನು ಅಭ್ಯಸಿಸಿ 1959-60ರಲ್ಲಿ ಬರೆದಳು. ಕಲಿಯಲು ಬಂದ ದಾದಿಯರಲ್ಲಿ ಸುಮಾರು ಮೂರನೆಯ ಒಂದು ಪಾಲು ನಡುವೆಯೇ ಬಿಟ್ಟು ಹೋಗುತ್ತಿದ್ದರು. ಮನಸ್ಸಿಗೆ ಹಚ್ಚಿಕೊಳ್ಳದಿರಲೆಂದು ಅವರನ್ನು ವಾರ್ಡಿನಿಂದ ವಾರ್ಡಿಗೆ ಸಾಗಿಸುವುದು, ರೋಗಿಯನ್ನು ಹೆಸರಿನಿಂದಲ್ಲದೆ ಮಂಚದ ಸಂಖ್ಯೆಯಿಂದ ಕರೆಯುವುದು ಅಲ್ಲಿಯ ರೂಢಿ. ಅದರಿಂದ ದಿಗಿಲು ಇಳಿಯಲಿಲ್ಲ. ಬಿಟ್ಟು ಹೋದವರಲ್ಲಿ ಒಳ್ಳೆಯವರೇ ಹಲವರಿದ್ದರು. ಆದ್ದರಿಂದ “ಕಲ್ಲುಮನಸ್ಸು ಮಾಡಿಕೋ” ಎಂಬ ಹಿರಿಯರ ಬುದ್ಧಿವಾದದಲ್ಲಿ ನಮಗೆ ನಂಬಿಕೆಯಿಲ್ಲ.

ಫ್ಲಾರೆನ್ಸ್ ನೈಟಿಂಗೇಲಳ ಮಾತು ಹೆಚ್ಚು ಉಪಯೋಗದ್ದು. ಶುಶ್ರೂಷೆಯನ್ನು ಕುರಿತು 1859ರಲ್ಲಿ ಆಕೆ ಬರೆದ ಪುಸ್ತಕದಲ್ಲಿ ಇದಕ್ಕೆಂದೇ ಒಂದು ಅಧ್ಯಾಯವುಂಟು: ತಾನಿದ್ದಾಗ ಮಾಡುವ ಕೆಲಸವು ತಾನಿಲ್ಲದಾಗಲೂ ನಡೆಯುವಂತೆ ಏರ್ಪಾಡು ಮಾಡದಿದ್ದರೆ ಒಳ್ಳೆಯ ಶುಶ್ರೂಷೆಯೂ ಕೆಡುತ್ತದೆ ಎಂಬುದು ಅದರ ತಾತ್ಪರ್ಯ. ಕಚೇರಿಯಲ್ಲಿ ಚಾರ್ಜು ಒಪ್ಪಿಸುವವರಿಗೆ ಇದು ಕೂಡಲೇ ಅರ್ಥವಾದೀತು! ಯಾವ ಅಜ್ಜನನ್ನು ಯಾವ ಹೊತ್ತಿಗೆ ಮಗ್ಗುಲು ಹೊರಳಿಸಿದೆ, ಯಾವ ಅಜ್ಜಿ ಉಂಡಿಲ್ಲ ಎಂದು ಬರೆದು ಮುಂದಿನ ಪಾಳಿಯವಳ ಕೈಗಿತ್ತ ಮೇಲೆ ಆ ಹೊರೆ ಅವಳದು. ಮನೆಗೆ ಹೊತ್ತು ತರತಕ್ಕದ್ದಲ್ಲ. ಹಳೆಯ ಮಾವಶಿಯರನ್ನು ಕೇಳುವುದರಲ್ಲಿಯೂ ನಾಚಿಕೆ ಬೇಡ. ಯಾರು ಯಾವುದಕ್ಕೆ ಕೂಗುತ್ತಾರೆಂಬುದು ಅವರಿಗೆ ಗೊತ್ತಿರುವಷ್ಟು ಪುಸ್ತಕಕ್ಕೆ ಗೊತ್ತಿಲ್ಲ.

ಕೈಗಳೇ ಸಾಲದಿದ್ದರೆ ಮಾತ್ರ ಈ ಉಪಾಯಗಳು ನಡೆಯವು. ಆಗ ಇಷ್ಟು ರೋಗಿಗಳು, ಇಷ್ಟೇ ಜನ ಎಂದು ತಾರೀಖು ಹಾಕಿ ಮೇಲಿನವರಿಗೆ ಬರೆದುಕೊಡಬೇಕು. ಆ ಅರ್ಜಿಯನ್ನು ನಾವು ಸಂತೋಷದಿಂದ ಬರೆದುಕೊಟ್ಟೆವು.

ಇನ್ನು ಮನೆಯವರಿಗೊಂದು ಮಾತು. “ಮುದುಕರ ಹೊಲಸು ಬಳಿಯೂದಕ್ಕ ಇಷ್ಟು ಓದಬೇಕಿತ್ತೇನ?” ಎಂದು ನೆಂಟರೆದುರು ನಗುವ ಮನೆಗಳನ್ನು ಕಂಡಿದ್ದೇವೆ. ರಾತ್ರಿಪಾಳಿ ಮುಗಿಸಿ ಬಂದವಳನ್ನು ಹತ್ತು ಗಂಟೆಗೆ ಎಬ್ಬಿಸಿ ಬಂದವರಿಗೆ ಚಹಾ ಮಾಡಿಸುವುದನ್ನೂ ಕಂಡಿದ್ದೇವೆ. ಚಹಾ ನೀವೇ ಮಾಡಿರಿ. ಆಕೆಯ ಪಾಲಿನ ಊಟವನ್ನು ಮುಚ್ಚಿಟ್ಟು, ಕೋಣೆಯ ಬಾಗಿಲು ಎಳೆದುಕೊಳ್ಳಿರಿ.