ಸತ್ಯಕ್ಕನ ಅಂಗಳ ಮತ್ತು ಸೋಡಾ-ವಿನೆಗರಿನ ನೊರೆ

ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ಸತ್ಯಕ್ಕನ ಸ್ಥಾನ ವಿಶಿಷ್ಟವಾದುದು. ಶಿಕಾರಿಪುರ ತಾಲ್ಲೂಕಿನ ಹಿರೇಜಂಬೂರಿನವಳೆಂದು ಹೇಳಲಾಗುವ ಈ ತಾಯಿ ಶಂಭುಜಕ್ಕೇಶ್ವರ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದಳು. ಶಿವಭಕ್ತರ ಮನೆಯಂಗಳವನ್ನು ಗುಡಿಸುವುದೇ ಅವಳ ಕಾಯಕವಾಗಿತ್ತು. ದಾರಿಯಲ್ಲಿ ಹೊನ್ನು ಬಿದ್ದಿರಲಿ, ಬಟ್ಟೆ ಬಿದ್ದಿರಲಿ, ತನ್ನದಲ್ಲದುದನ್ನು ಮುಟ್ಟೆನೆಂದು, ಲಂಚಕ್ಕೆ ಕೈಚಾಚೆನೆಂದು ಅವಳು ಆಣೆಯಿಟ್ಟು ನುಡಿದಿರುವ ವಚನವು ಪ್ರಸಿದ್ಧವಾಗಿದೆ. ಗುಡಿಸುವವಳ ಕಣ್ಣಿಗೆ ಅನ್ಯರು ಕಾಣದುದೆಲ್ಲ ಕಾಣುತ್ತದೆ. ಮೂಲೆಯಲ್ಲಿ ಉರುಳಿದ ನಾಣ್ಯವೂ ಕಾಣುತ್ತದೆ, ಮನೆಯವರು ಚಾಪೆಯಡಿಗೆ ತಳ್ಳಿದ ಕಸವೂ ಕಾಣುತ್ತದೆ. ಆದುದರಿಂದಲೇ ಆ ಆಣೆಗೆ ಅಷ್ಟು ತೂಕ.

ಈ ವಚನವನ್ನು ವ್ಯಾಖ್ಯಾನಿಸುವವರು ಸಾಮಾನ್ಯವಾಗಿ ಹೊನ್ನಿನ ಮಾತನ್ನು ಹಿಡಿದು ಮುಂದೆ ಸಾಗುತ್ತಾರೆ. ಪೊರಕೆಯ ಮಾತು ಹಿಂದೆ ಉಳಿಯುತ್ತದೆ. ಪೊರಕೆ ಹಿಡಿದವಳು ಅನುಭವಿಯಾದಳೆಂಬುದನ್ನು ಮೆಚ್ಚಿಕೊಳ್ಳುವ ನಾಲಿಗೆಗೆ, ಅವಳು ದಿನವೂ ಮಾಡಿದ ಕೆಲಸವಾದರೂ ಏನು, ಅದಕ್ಕೆ ಬೇಕಾದ ತಿಳಿವಳಿಕೆ ಎಂಥದು ಎಂದು ಕೇಳುವ ಕುತೂಹಲವಿರುವುದಿಲ್ಲ. ಶುಚಿಗೊಳಿಸುವುದೂ ಒಂದು ವಿದ್ಯೆ. ಅದನ್ನು ಅರಿತು ಮಾಡಿದರೆ ಕಾಯಕ, ಅರಿಯದೆ ಮಾಡಿದರೆ ಬರಿಯ ಗೇಯ್ಮೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪ್ರದೇಶದ ಮನೆಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಒಂದು ಹೊಸ ರೂಢಿ ಕಾಣಿಸಿಕೊಂಡಿದೆ. ಅಡುಗೆ ಸೋಡಾ ಮತ್ತು ವಿನೆಗರ್ ಎರಡನ್ನೂ ಬೆರೆಸಿ ಬಚ್ಚಲು, ಸಿಂಕು, ಒಲೆಕಟ್ಟೆ ಎಲ್ಲವನ್ನೂ ತೊಳೆಯುವುದೇ ಆ ರೂಢಿ. ರಾಸಾಯನಿಕಗಳಿಲ್ಲದ ಶುದ್ಧಿ ಎಂದು ಅದಕ್ಕೆ ಹೆಸರು. ಉದ್ದೇಶವು ಒಳ್ಳೆಯದೇ. ಕಟುವಾದ ಆಸಿಡ್ಡುಗಳನ್ನು ಮನೆಯಿಂದ ಹೊರಗಿಡಬೇಕೆಂಬ ಹಂಬಲವನ್ನು ಯಾರೂ ಹಳಿಯಲಾರರು. ಆದರೆ ಬೆರೆಸುವ ಆ ಕ್ರಮವು ಮಾತ್ರ ಅರಿವಿನಿಂದ ಹುಟ್ಟಿದುದಲ್ಲ, ನೊರೆಯ ಮೋಹದಿಂದ ಹುಟ್ಟಿದುದು.

ಸೋಡಾ ಒಂದು ಮೃದುವಾದ ಕ್ಷಾರ; ವಿನೆಗರ್ ಒಂದು ಮೃದುವಾದ ಆಮ್ಲ. ಎರಡೂ ಕೂಡಿದೊಡನೆ ಭುಸ್ಸೆಂದು ಉಕ್ಕುತ್ತದೆ. ಉಕ್ಕುವುದು ಇಂಗಾಲದ ಡೈಆಕ್ಸೈಡ್ ಅನಿಲ. ಅದು ಹೊರಟುಹೋದ ಮೇಲೆ ಪಾತ್ರೆಯಲ್ಲಿ ಉಳಿಯುವುದು ನೀರು ಮತ್ತು ಸೋಡಿಯಂ ಅಸಿಟೇಟ್ ಎಂಬ ಒಂದು ಸಾಧು ಲವಣ. ಕ್ಷಾರವು ಆಮ್ಲವನ್ನು ತಿಂದಿತು, ಆಮ್ಲವು ಕ್ಷಾರವನ್ನು ತಿಂದಿತು. ಜಿಡ್ಡು ಇದ್ದಲ್ಲೇ ಇದೆ. ಸುಮಾರು 5 ಗ್ರಾಂ ತೂಗುವ ಒಂದು ಚಮಚ ಸೋಡಾ, ಶೇಕಡಾ 4ರಷ್ಟು ಆಮ್ಲವಿರುವ 90 ಮಿಲಿಲೀಟರ್ ವಿನೆಗರನ್ನು ಪೂರ್ತಿಯಾಗಿ ನಿಷ್ಫಲಗೊಳಿಸುತ್ತದೆ. ಹೀಗೆ ಎರಡು ಒಳ್ಳೆಯ ವಸ್ತುಗಳಿಗೆ ಹಣ ಕೊಟ್ಟು, ಎರಡನ್ನೂ ಕೆಡಿಸಿ, ಉಪ್ಪುನೀರಿನಲ್ಲಿ ನೆಲ ಒರೆಸಿದಂತಾಗುತ್ತದೆ. ನೊರೆಯ ಅಬ್ಬರಕ್ಕೆ ಸಡಿಲವಾದ ಕೊಳೆ ಸ್ವಲ್ಪ ಕದಲೀತು. ಬಾಕಿಯದನ್ನು ತೆಗೆಯುವುದು ಉಜ್ಜುವ ಕೈ. ಆಡಂಬರವನ್ನು ಭಕ್ತಿಯೆಂದು ತಿಳಿಯುವವರನ್ನು ಶರಣರು ಎಷ್ಟು ಬಗೆಯಲ್ಲಿ ಎಚ್ಚರಿಸಿದರೆಂಬುದು ವಚನ ಓದುವವರಿಗೆ ತಿಳಿದೇ ಇದೆ. ಸಿಂಕಿನೊಳಗೆ ಉಕ್ಕುವ ನೊರೆಯನ್ನು ಕಂಡು ಧನ್ಯರಾಗುವುದೂ ಅದರ ಒಂದು ಸಣ್ಣ ತಮ್ಮನೇ ಸರಿ.

ಬೇರೆ ಬೇರೆಯಾಗಿ ಬಳಸಿದರೆ ಎರಡೂ ಉಪಯುಕ್ತವೇ. ಒಲೆಕಟ್ಟೆಯ ಜಿಡ್ಡು, ತಳ ಹಿಡಿದ ಪಾತ್ರೆ, ಶೀತಕಪೆಟ್ಟಿಗೆಯ ವಾಸನೆ ಇವು ಸೋಡಾದ ಕೆಲಸಗಳು. ತುಸು ನೀರು ಬೆರೆಸಿ ಹಚ್ಚಿ, ಅರ್ಧ ಗಂಟೆ ಬಿಟ್ಟು ಉಜ್ಜಿದರೆ ಸಾಕು. ಅಲ್ಯೂಮಿನಿಯಂ ಪಾತ್ರೆಗೆ ಮಾತ್ರ ಅದು ಬೇಡ, ಕಪ್ಪಾಗುತ್ತದೆ. ಮಳೆಗಾಲದಲ್ಲಿ ಮರದ ಕಪಾಟಿಗೆ ಹಿಡಿಯುವ ಬೂಸು, ನಲ್ಲಿಯ ಮೇಲಿನ ಕಲೆ ಇವು ವಿನೆಗರಿನ ಕೆಲಸಗಳು. ಕರಾವಳಿಯ ಹಳೆಯ ಮನೆಗಳಲ್ಲಿ ಇಂದಿಗೂ ಹೊಳೆಯುತ್ತಿರುವ ಕೆಂಪು ಸಿಮೆಂಟಿನ ನೆಲದ ಮೇಲೆ ವಿನೆಗರನ್ನು ಸುರಿಯಲಾಗದು. ಆಮ್ಲವು ಸಿಮೆಂಟನ್ನು ಕೊರೆದು ಹೊಳಪನ್ನು ಕೊಲ್ಲುತ್ತದೆ. ಅಮೃತಶಿಲೆಯ ಪೂಜಾಪೀಠಕ್ಕೂ ಇದೇ ಮಾತು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗಡಸು ನೀರು ಬಿಟ್ಟುಹೋಗುವ ಬಿಳಿಯ ಸುಣ್ಣದ ಪದರವನ್ನು ಕರಗಿಸುವುದೇ ವಿನೆಗರಿನ ಮುಖ್ಯ ಕೀರ್ತಿ. ವಿಜಯಪುರ, ರಾಯಚೂರು, ಕಲಬುರಗಿಯ ಕಡೆಯಿಂದ ಉದ್ಯೋಗಕ್ಕೆಂದು ಇತ್ತ ಬಂದು ನೆಲೆಸಿದ ಭಕ್ತರಿಗೆ ಆ ಪದರದ ಪರಿಚಯ ಚೆನ್ನಾಗಿ ಇದೆ. ಆದರೆ ಮುರಕಲ್ಲಿನ ನಾಡಾದ ಬಂಟ್ವಾಳ, ಬೆಳ್ತಂಗಡಿಗಳ ತೆರೆದ ಬಾವಿಗಳ ನೀರು ಬಹುಮಟ್ಟಿಗೆ ಮೃದುವಾದುದು. ಇಲ್ಲಿಯ ಸಂಕಟ ಬೇರೆ. ಮುರಕಲ್ಲಿನಲ್ಲಿರುವ ಕಬ್ಬಿಣವು ನೀರಿಗಿಳಿದು ಬಚ್ಚಲಿನ ಬಿಳಿಯ ಹಾಸುಗಲ್ಲಿನ ಮೇಲೆ ಕಂದು ಕಲೆಯಾಗಿ ಕೂರುತ್ತದೆ. ಸೋಡಾ ಅದನ್ನು ಅಲುಗಿಸಲಾರದು. ವಿನೆಗರ್ ನಿಧಾನವಾಗಿ ತುಸುಮಟ್ಟಿಗೆ ತೆಗೆದೀತು. ಇದಕ್ಕೆ ತಕ್ಕ ಮದ್ದು ಹಿತ್ತಿಲಲ್ಲೇ ಇದೆ. ಬಿಂಬುಳಿಯ ಮರದ ಕಾಂಡಕ್ಕೆ ಅಂಟಿಕೊಂಡು ಗೊಂಚಲುಗೊಂಚಲಾಗಿ ಜೋತಾಡುವ ಕಾಯಿಗಳಲ್ಲಿ ಆಕ್ಸಾಲಿಕ್ ಆಮ್ಲ ಧಾರಾಳವಾಗಿದೆ. ಅದು ತುಕ್ಕಿನ ಕಬ್ಬಿಣವನ್ನು ಹಿಡಿದು ಕರಗಿಸುತ್ತದೆ. ಕಾಯಿಯನ್ನು ಸೀಳಿ ಕಲೆಯ ಮೇಲೆ ಉಜ್ಜಿ, ಒಂದಿಷ್ಟು ಹೊತ್ತು ಬಿಟ್ಟು ತೊಳೆದರಾಯಿತು. ಪಾತ್ರೆ ತೊಳೆಯುವ ವಸ್ತುವೆಲ್ಲ ಪಾನಯೋಗ್ಯವೆಂದು ಭಾವಿಸಲಾಗದು. ಬಿಂಬುಳಿಯ ಗಟ್ಟಿ ರಸವನ್ನು ಔಷಧವೆಂದು ಕುಡಿದವರ ಮೂತ್ರಪಿಂಡಗಳು ಕೆಟ್ಟುದನ್ನು ಕೇರಳದ ವೈದ್ಯರು 2013ರಲ್ಲಿ ವರದಿ ಮಾಡಿದ್ದಾರೆ.

ಹಳೆಯ ಅಡುಗೆಮನೆಗಳ ಕ್ರಮವನ್ನು ನೆನೆದರೆ ಈ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಒಲೆಯ ಬೂದಿ ಮತ್ತು ತೆಂಗಿನ ನಾರು ಜಿಡ್ಡಿಗೆ. ಹುಣಿಸೆಹಣ್ಣು ಮತ್ತು ಉಪ್ಪು ತಾಮ್ರ-ಹಿತ್ತಾಳೆಗೆ. ಅಂಟುವಾಳದ ನೊರೆ ಬಟ್ಟೆಗೆ. ಬೂದಿ ಕ್ಷಾರ, ಹುಣಿಸೆ ಆಮ್ಲ. ಮಡಿವಾಳರು ಬಳಸುತ್ತಿದ್ದ ಚೌಳುಮಣ್ಣಿನಲ್ಲಿದ್ದುದೂ ಸೋಡಾದ ಜಾತಿಯ ಕ್ಷಾರವೇ; ಮಾಚಿದೇವರ ಕಾಯಕದ ಕಲ್ಲಿನ ಬಳಿ ಅದು ಅಪರಿಚಿತ ವಸ್ತುವಾಗಿರಲಾರದು. ಆದರೆ ಬೂದಿಯನ್ನೂ ಹುಣಿಸೆಯನ್ನೂ ಕಲಸಿ ಒಟ್ಟಿಗೆ ಉಜ್ಜಬೇಕೆಂದು ಯಾವ ಅಜ್ಜಿಯೂ ಹೇಳಿದವಳಲ್ಲ. ಮೊದಲು ಬೂದಿಯಿಂದ ಜಿಡ್ಡು ತೆಗೆದು, ತೊಳೆದು, ಅನಂತರ ಹುಣಿಸೆಯಿಂದ ಹೊಳಪು ಕೊಡುತ್ತಿದ್ದರು. ರಸಾಯನಶಾಸ್ತ್ರದ ಹೆಸರು ತಿಳಿಯದ ಕೈಗಳಿಗೆ ಅದರ ಕ್ರಮ ತಿಳಿದಿತ್ತು.

ಸ್ವಾಭಾವಿಕ ಎಂಬ ಪದವನ್ನೂ ಒಮ್ಮೆ ತಿರುಗಿಸಿ ನೋಡುವುದು ಒಳಿತು. ಅಡುಗೆ ಸೋಡಾ ಗುಜರಾತಿನ ಮೀಠಾಪುರದಂತಹ ಊರುಗಳ ದೊಡ್ಡ ಕಾರ್ಖಾನೆಗಳಲ್ಲಿ ತಯಾರಾಗಿ ಬರುತ್ತದೆ. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ವಿನೆಗರಿನ ಶೀಶೆಯನ್ನು ತಿರುಗಿಸಿದರೆ, ಅದು ಅಸಿಟಿಕ್ ಆಮ್ಲದಿಂದ ತಯಾರಿಸಿದ ಸಿಂಥೆಟಿಕ್ ವಿನೆಗರ್ ಎಂದು ಬರೆದಿರುವುದು ಹಲವು ಬಾರಿ ಕಾಣುತ್ತದೆ. ಹಾಗೆ ಬರೆಯಬೇಕೆಂಬುದು ನಿಯಮವೇ. ಹುದುಗಿಸಿದ ನಿಜವಾದ ವಿನೆಗರ್ ಬೇಕೆಂದರೆ ಈ ಜಿಲ್ಲೆಯ ಕ್ರೈಸ್ತ ಬಾಂಧವರ ಅಡುಗೆಮನೆಯತ್ತ ನೋಡಬೇಕು. ತೆಂಗಿನ ಶೇಂದಿಯಿಂದ ಅದನ್ನು ಮಾಡುವ ಕ್ರಮ ಅವರಲ್ಲಿದೆ. ಶೇಂದಿಯಿಂದ ಬಂದುದು ಭಕ್ತರ ಮನೆಗೆ ಸಲ್ಲುವುದೇ ಎಂದು ಶಂಕಿಸುವವರೂ ಇದ್ದಾರೆ. ವಿನೆಗರಾಗುವಾಗ ಸೂಕ್ಷ್ಮಜೀವಿಗಳು ಮದ್ಯಾಂಶವನ್ನು ಆಮ್ಲವನ್ನಾಗಿ ಮಾರ್ಪಡಿಸುತ್ತವೆ. ನೆಲ ಒರೆಸುವುದಕ್ಕೆ ಅಷ್ಟು ದೊಡ್ಡ ಧರ್ಮಸಂಕಟ ಬೇಕಾಗಿಲ್ಲ.

ಈವರೆಗಿನದು ವ್ಯರ್ಥದ ಮಾತು. ಮುಂದಿನದು ಅಪಾಯದ ಮಾತು.

ಏನನ್ನು ಬೇಕಾದರೂ ಬೆರೆಸಬಹುದೆಂಬ ಅಭ್ಯಾಸವು ಕೈಗೆ ಅಂಟಿದರೆ, ಅದು ಸೋಡಾ-ವಿನೆಗರಿನಲ್ಲಿಯೇ ನಿಲ್ಲುವುದಿಲ್ಲ. ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಈ ಸೀಮೆಯಲ್ಲಿ ಅಂಗಳದ ಪಾಚಿಗೆ ಬ್ಲೀಚಿಂಗ್ ಪುಡಿ ಎರಚುವುದು ಸಾಮಾನ್ಯ. ಆ ಪುಡಿಯ ಮೇಲೆ ವಿನೆಗರನ್ನೋ ಶೌಚಾಲಯದ ಆಸಿಡ್ಡನ್ನೋ ಸುರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ, 1915ರಲ್ಲಿ, ಸೈನಿಕರ ಮೇಲೆ ಬಿಟ್ಟ ವಿಷಾನಿಲ ಅದುವೇ. ಕಿಟಕಿ ಚಿಕ್ಕದಾದ ಬಚ್ಚಲಿನಲ್ಲಿ ಬಾಗಿ ಕುಳಿತು ಉಜ್ಜುವವಳ ಶ್ವಾಸಕೋಶಕ್ಕೆ ಅದರ ಸ್ವಲ್ಪಾಂಶವೂ ಸಾಕು.

ಬ್ಲೀಚಿಂಗ್ ಪುಡಿಯನ್ನು ಹಳಿಯುವುದಕ್ಕಾಗಿ ಈ ಮಾತಲ್ಲ. 2019ರ ಆಗಸ್ಟ್ ತಿಂಗಳಿನಲ್ಲಿ ಮೃತ್ಯುಂಜಯಾ ಮತ್ತು ನೇತ್ರಾವತಿ ನದಿಗಳು ಉಕ್ಕಿ ಬೆಳ್ತಂಗಡಿಯ ಚಾರ್ಮಾಡಿ ಸೀಮೆಯಲ್ಲಿಯೂ ಬಂಟ್ವಾಳದಲ್ಲಿಯೂ ಮನೆಗಳಿಗೆ ನೀರು ನುಗ್ಗಿತು. ಅಂತಹ ನೆರೆ ಇಳಿದ ಮೇಲೆ ಕೆಸರು ತುಂಬಿದ ಕೋಣೆಗೆ, ಕಲುಷಿತವಾದ ಬಾವಿಗೆ ಸೋಡಾ-ವಿನೆಗರ್ ಯಾವ ಲೆಕ್ಕಕ್ಕೂ ಬಾರದು. ಬಾವಿಗೆ ಕ್ಲೋರಿನ್ನೇ ಬೇಕು, ಅದೂ ಅಳತೆಯರಿತು, ಆರೋಗ್ಯ ಕಾರ್ಯಕರ್ತರ ಸಲಹೆಯಂತೆ. ಮೃದುವಾದುದೆಲ್ಲ ಒಳ್ಳೆಯದು, ಕಟುವಾದುದೆಲ್ಲ ಕೆಟ್ಟದು ಎಂಬ ಸುಲಭದ ತೀರ್ಪು ಅಲ್ಲಿ ಮನೆಮಂದಿಗೆ ಭೇದಿ ತರುತ್ತದೆ.

ಹಾಗಿದ್ದರೆ ಕಟುವಾದುದು ಯಾರ ಕೈಗೆ ಹೋಗುತ್ತದೆ ಎಂಬುದೇ ಸತ್ಯಕ್ಕನನ್ನು ನೆನೆಯುವವರು ಕೇಳಬೇಕಾದ ಪ್ರಶ್ನೆ. ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಕಟ್ಟೆಗೆ ಸೋಡಾ, ಅದನ್ನು ಒರೆಸುವುದು ಮನೆಯೊಡತಿ. ಶೌಚಾಲಯಕ್ಕೆ ಆಸಿಡ್ಡು, ಅದನ್ನು ಉಜ್ಜುವುದು ಕೆಲಸಕ್ಕೆ ಬರುವ ಹೆಂಗಸು. ಅವಳ ಕೈಗೆ ಕೈಚೀಲವಿಲ್ಲ, ಶೀಶೆಯ ಮೇಲಿನ ಎಚ್ಚರಿಕೆಯನ್ನು ಅವಳಿಗೆ ಯಾರೂ ಓದಿ ಹೇಳುವುದಿಲ್ಲ. ಗೃಹಸ್ವಾಮಿಯು ಆ ಹೊತ್ತಿಗೆ ಪೂಜೆಯಲ್ಲಿರುತ್ತಾನೆ. ಬಸವಣ್ಣನವರು ಒಳಗಿನ ಶುದ್ಧಿಯನ್ನೂ ಹೊರಗಿನ ಶುದ್ಧಿಯನ್ನೂ ಹೇಳಿದಾಗ ಮುಂದಿಟ್ಟುದು ಕದಿಯದಿರುವುದು, ಕೊಲ್ಲದಿರುವುದು, ಹುಸಿಯಾಡದಿರುವುದು, ಅನ್ಯರನ್ನು ತುಚ್ಛವಾಗಿ ಕಾಣದಿರುವುದು ಇವುಗಳನ್ನೇ. ನೀರು-ಮಣ್ಣುಗಳ ಮಾತೇ ಅಲ್ಲಿಲ್ಲ. ಇನ್ನೊಬ್ಬಳ ಉಸಿರನ್ನು ತೆತ್ತು ಬೆಳ್ಳಗಾದ ಶೌಚಾಲಯವು ಆ ಅಳತೆಯಲ್ಲಿ ಶುಚಿಯಾಗಿಲ್ಲ. ಇಂತಹ ಮನೆಗಳಲ್ಲಿ ಗಂಡಸರು ವಾರಕ್ಕೊಮ್ಮೆಯಾದರೂ ತಾವೇ ಉಜ್ಜಿ ನೋಡಲಿ. ಯಾವ ಶೀಶೆ ಬೇಕು, ಯಾವುದು ಬೇಡ ಎಂಬುದು ಬೇಗನೆ ತಿಳಿದೀತು.

ಪೂಜಾಸಾಮಗ್ರಿಯ ವಿಷಯದಲ್ಲಿ ಸೋಡಾದ ಒಂದು ಉಪಯೋಗವನ್ನು ಹೇಳಲೇಬೇಕು. ಬೆಳ್ಳಿಯ ಕರಡಿಗೆ ಕಪ್ಪಾಗುವುದು ಗಾಳಿ ಮತ್ತು ಬೆವರಿನಲ್ಲಿರುವ ಗಂಧಕಾಂಶದಿಂದ. ಇಷ್ಟಲಿಂಗವನ್ನು ಹೊರತೆಗೆದು ಬೇರೆಡೆ ಬಿಜಯಂಗೈಸಿ, ಬಟ್ಟಲಿನ ತಳಕ್ಕೆ ಅಲ್ಯೂಮಿನಿಯಂ ಹಾಳೆಯನ್ನು ಹಾಸಿ, ಬಿಸಿನೀರು ಮತ್ತು ಒಂದು ಚಮಚ ಸೋಡಾ ಹಾಕಿ, ಹಾಳೆಗೆ ತಾಗುವಂತೆ ಕರಡಿಗೆಯನ್ನು ಇಟ್ಟರೆ, ಗಂಧಕವು ಬೆಳ್ಳಿಯನ್ನು ಬಿಟ್ಟು ಅಲ್ಯೂಮಿನಿಯಂ ಕಡೆಗೆ ಹೋಗುತ್ತದೆ. ಬೆಳ್ಳಿ ಸವೆಯುವುದಿಲ್ಲ. ಹರಳು ಕೂರಿಸಿದ ಕರಡಿಗೆಗೆ ಈ ಕ್ರಮ ಬೇಡ. ಇಷ್ಟಲಿಂಗದ ಕಂತಿಗಂತೂ ಸೋಡಾ, ವಿನೆಗರ್, ಹುಣಿಸೆ ಯಾವುದೂ ತಾಗಬಾರದು. ಇನ್ನು, 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯುಳ್ಳ ಮೂಡುಬಿದಿರೆಯಂತಹ ಊರಿನಲ್ಲಿ ಶತಮಾನಗಳ ಹಿಂದಿನ ಲೋಹದ ದೀಪಗಳು, ಬಿಂಬಗಳು ಯಾವ ಮನೆತನದಲ್ಲಿಯೂ ಯಾವ ಮಠದಲ್ಲಿಯೂ ಇರಬಹುದು. ಹೊಳೆಯಲೆಂದು ಅವುಗಳನ್ನು ಆಮ್ಲದಿಂದ ಉಜ್ಜುವುದು ಕಾಲವು ಕೊಟ್ಟ ರಕ್ಷೆಯ ಪದರವನ್ನೇ ಸುಲಿದಂತೆ, ಒಣಬಟ್ಟೆಯೇ ಸಾಕು.

ತೊಳೆದ ನೀರಿನ ಗತಿಯೂ ವಿಚಾರಾರ್ಹವೇ. ಹರಡಿದಂತೆ ಮನೆಗಳಿರುವ ಈ ಊರುಗಳಲ್ಲಿ ಬಾವಿ ಮತ್ತು ಇಂಗುಗುಂಡಿ ಒಂದೇ ಹಿತ್ತಿಲಿನಲ್ಲಿರುತ್ತವೆ. ಕಟುದ್ರವಗಳು ಮಿತಿಮೀರಿದರೆ ಗುಂಡಿಯಲ್ಲಿ ಕೊಳೆಯನ್ನು ಕರಗಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ. ಉಳಿದುದು ತೋಡಿಗೆ, ತೋಡಿನಿಂದ ನೇತ್ರಾವತಿಗೆ. ಧರ್ಮಸ್ಥಳದ ಸ್ನಾನಘಟ್ಟವನ್ನು ದಾಟಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟ್ವಾಳದ ಪೇಟೆಯ ಬದಿಯಲ್ಲಿ ಹರಿದು ಬಂದ ನೀರನ್ನು ತುಂಬೆಯ ಕಿಂಡಿ ಅಣೆಕಟ್ಟೆಯಲ್ಲಿ ತಡೆದು ಮಂಗಳೂರು ನಗರಕ್ಕೆ ಕುಡಿಯಲು ಕೊಡುತ್ತಾರೆ. ಬೆಳ್ತಂಗಡಿಯ ಒಂದು ಬಚ್ಚಲಿನಲ್ಲಿ ಸುರಿದ ಶೀಶೆಯ ಲೆಕ್ಕವು ತುಂಬೆಯವರೆಗೂ ಇದೆ.

ಬಸವ ಜಯಂತಿಯ ಹಿಂದಿನ ದಿನ ಮಠದ ಅಂಗಳ ತೊಳೆಯಲು ಬರುವ ಭಕ್ತರು ಹಿಡಿಸೂಡಿ, ತೆಂಗಿನ ನಾರು, ಒಂದಿಷ್ಟು ಸೋಡಾ ತಂದರೆ ಸಾಕು. ಬಿಂಬುಳಿ ಇದ್ದವರು ನಾಲ್ಕು ಕಾಯಿ ತರಲಿ. ಆಸಿಡ್ಡಿನ ಶೀಶೆ ತಂದವರು ಅದನ್ನು ಮರಳಿ ಮನೆಗೆ ಒಯ್ಯಲಿ.