ನಾಬ್ ಇದ್ದರಷ್ಟೇ ರೇಡಿಯೋನಾ?

‘ಎಸ್‌ಡಿಆರ್ ರೇಡಿಯೋನೇ ಅಲ್ಲ, ಕಂಪ್ಯೂಟರ್’ ಅಂತ ಮೂಗು ಮುರಿಯೋ ಹಿರಿಯ ಹ್ಯಾಮ್‌ಗಳೇ, ನಿಮ್ಮ ಮೇಜಿನ ಮೇಲಿರೋ ಐಕಾಮ್ 7300 ಏನು ಮತ್ತೆ? ಎದುರಿಗೆ ದಪ್ಪ ನಾಬ್ ಇದೆ, ನಿಜ. ಒಳಗೆ ಆಂಟೆನಾದಿಂದ ಬಂದ ಸಿಗ್ನಲ್ ನೇರವಾಗಿ ಅಂಕಿಗಳಾಗುತ್ತೆ. 2016ರಿಂದ ನೀವೂ ಸಾಫ್ಟ್‌ವೇರ್‌ನಲ್ಲೇ ಮಾತಾಡ್ತಿದ್ದೀರಿ!

ಜಗಳ ಆಡಬೇಕಾದ್ದು ಬೇರೆ ಕಡೆ. ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ ಬಿಟ್‌ಎಕ್ಸ್‌ಗೆ ನಲ್ಲಿಯ ವಾಷರ್ ಮೇಲೆ ತಂತಿ ಸುತ್ತಿದರೆ ಕಾಯಿಲ್ ರೆಡಿ. ಕೆಟ್ಟರೆ ನಾವೇ ಸೋಲ್ಡರ್ ಮಾಡಿಕೊಳ್ಳಬಹುದು. ಅವರದೇ ಎಸ್‌ಬಿಟ್‌ಎಕ್ಸ್ ಪಕ್ಕಾ ಎಸ್‌ಡಿಆರ್, ರಾಸ್ಪ್‌ಬೆರಿ ಪೈ ಮೇಲೆ ಓಡುತ್ತೆ. ಅದರ ಕೋಡ್ ಕೂಡ ತೆರೆದಿದೆ. ಫಿಲ್ಟರ್ ಹಿಡಿಸದಿದ್ದರೆ ತಿದ್ದಿಕೊಳ್ಳಿ.

ಲಕ್ಷ ಸುರಿದು ತಂದ ಸೆಟ್‌ನ ಫರ್ಮ್‌ವೇರ್ ಮಾತ್ರ ಕಂಪನಿಯ ಬೀಗದೊಳಗೆ. ಅದರ ಬಗ್ಗೆ ಯಾಕ್ರೀ ಯಾರೂ ಮೂಗು ಮುರಿಯಲ್ಲ?