ಆಶ್ರಯದ ಅವಧಿ

ಯುದ್ಧದ ದೆಸೆಯಿಂದ ಮನೆಮಾರುಗಳನ್ನು ತೊರೆದು ಅನ್ಯರಾಜ್ಯದ ಗಡಿಯೊಳಕ್ಕೆ ಬಂದ ಜನಕ್ಕೆ ಅನ್ನವನ್ನೂ ಹೊದಿಕೆಯನ್ನೂ ಔಷಧವನ್ನೂ ಕೊಡಬೇಕೆಂಬುದನ್ನು ಬಹಿರಂಗವಾಗಿ ಅಲ್ಲಗಳೆಯುವ ಸರಕಾರ ವಿರಳ. ವಿವಾದವು ಹುಟ್ಟುವುದು ಮೊದಲ ವಾರಗಳ ಕರುಣೆ ಕಳೆದ ಬಳಿಕ, ಇವರಿಗೆ ಮನೆಯನ್ನು ಯಾರು ಒದಗಿಸಬೇಕು, ಧನಸಹಾಯ ಎಷ್ಟಿರಬೇಕು, ದುಡಿಯಲು ಇವರನ್ನು ಬಿಡಬಹುದೇ ಬಾರದೇ ಎಂಬ ಪ್ರಶ್ನೆಗಳು ಒಂದರ ಹಿಂದೊಂದಾಗಿ ಏಳುವಾಗ. ಆ ವಿವಾದದಲ್ಲಿ ಎಲ್ಲರ ಕಣ್ಣೂ ಹಣದ ಮೊತ್ತದ ಮೇಲೆಯೇ ನೆಟ್ಟಿರುತ್ತದೆ. ಮೊತ್ತಕ್ಕಿಂತ ಮುಖ್ಯವಾದುದು ಅವಧಿ ಎಂದು ನನ್ನ ಅಭಿಪ್ರಾಯ: ಬಂದವರು ಎಷ್ಟು ಕಾಲ ತನ್ನಲ್ಲಿ ಉಳಿಯುವರೆಂದು ಸರಕಾರವು ಎಣಿಸುತ್ತದೆಯೋ ಆ ಎಣಿಕೆಯೇ ಅವರ ವಸತಿಯನ್ನೂ ಉದ್ಯೋಗವನ್ನೂ, ಕಡೆಗೆ ಅವರ ಮಾನವನ್ನೂ ನಿರ್ಣಯಿಸುತ್ತದೆ.

2022ರ ಫೆಬ್ರವರಿ 24ರಂದು ರಷ್ಯದ ಸೇನೆ ಯುಕ್ರೇನಿನ ಮೇಲೆ ಎರಗಿದ ಮೇಲೆ ಐದಾರು ವಾರಗಳೊಳಗೆ ನಲವತ್ತು ಲಕ್ಷ ಜನ ದೇಶವನ್ನು ಬಿಟ್ಟರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಮೊದಲು ಕಾಲಿಟ್ಟುದು ಪೋಲೆಂಡಿನಲ್ಲಿ. ಹದಿನೆಂಟರಿಂದ ಅರುವತ್ತು ವಯಸ್ಸಿನ ಗಂಡಸರು ಸಾಮಾನ್ಯವಾಗಿ ಗಡಿ ದಾಟಕೂಡದೆಂಬ ಆಜ್ಞೆಯಿದ್ದುದರಿಂದ ಬಂದವರಲ್ಲಿ ಬಹುಪಾಲು ಹೆಂಗಸರು, ಮಕ್ಕಳು. ಯುಗೊಸ್ಲಾವಿಯದ ಯುದ್ಧಗಳ ಅನುಭವದಿಂದ 2001ರಲ್ಲಿ ರಚಿತವಾಗಿ ಎರಡು ದಶಕ ಬಳಕೆಗೇ ಬಾರದಿದ್ದ ತಾತ್ಕಾಲಿಕ ರಕ್ಷಣೆಯ ವಿಧಿಯನ್ನು ಯುರೋಪಿಯನ್ ಒಕ್ಕೂಟವು ಮಾರ್ಚ್ 4ರಂದು ಜಾರಿಗೆ ತಂದು, ಒಬ್ಬೊಬ್ಬರ ಅರ್ಜಿಯನ್ನೂ ಬೇರೆಬೇರೆಯಾಗಿ ವಿಚಾರಿಸುವ ಪದ್ಧತಿಯನ್ನು ಬದಿಗಿರಿಸಿ, ವಾಸ, ಶಾಲೆ, ಚಿಕಿತ್ಸೆ, ದುಡಿಮೆ ಇವಿಷ್ಟಕ್ಕೂ ಆರಂಭದಿಂದಲೇ ಹಕ್ಕನ್ನಿತ್ತಿತು. 2015ರಲ್ಲಿ ಸಿರಿಯದಿಂದ ಬಂದವರು ಕೈಕಟ್ಟಿ ಕುಳಿತು ತೀರ್ಪಿಗಾಗಿ ತಿಂಗಳುಗಟ್ಟಲೆ ಕಾದುದನ್ನು ನೆನೆದರೆ ಈ ಭೇದವು ನ್ಯಾಯವೆಂದು ಹೇಳುವುದು ನನ್ನಿಂದಾಗದು. ಆದರೆ ಇಚ್ಛೆಯಿದ್ದರೆ ಇಂಥ ಹಕ್ಕನ್ನು ತಡವಿಲ್ಲದೆ ಕೊಡಬಹುದೆಂಬುದಂತೂ ಸಿದ್ಧವಾಯಿತು.

ವಸತಿಯ ವಿಷಯದಲ್ಲಿ ಪೋಲೆಂಡು ತನ್ನ ಪ್ರಜೆಗಳ ಮನೆಗಳನ್ನೇ ನೆಚ್ಚಿತು. ನಿರಾಶ್ರಿತರಿಗೆ ಮನೆಯಲ್ಲಿ ಎಡೆಗೊಟ್ಟು ಊಟವಿಕ್ಕಿದವರಿಗೆ ತಲೆಗೆ ದಿನಕ್ಕೆ 40 ಜ್ಲೋಟಿಯನ್ನು ಸರಕಾರವು ಕೊಡುತ್ತಿತ್ತು. ಮೊದಲು ಅರುವತ್ತು ದಿನ, ಆಮೇಲೆ 120 ದಿನ. ಅಪರಿಚಿತರಿಗೆ ತಮ್ಮ ಮಕ್ಕಳ ಕೋಣೆಯನ್ನು ಬಿಟ್ಟುಕೊಟ್ಟ ಆ ಜನರ ಔದಾರ್ಯವನ್ನು ಯಾರೂ ಕಡೆಗಣಿಸಲಾರರು. ಆದರೆ ಗೃಹಸ್ಥನ ಔದಾರ್ಯಕ್ಕೆ ಸಹಜವಾದ ಮಿತಿಯುಂಟು. ಆ ಮಿತಿ ಮುಟ್ಟುವುದರೊಳಗೆ ಬಾಡಿಗೆಯ ಮನೆಗಳನ್ನು ಸಿದ್ಧಗೊಳಿಸುವುದು ಸರಕಾರದ ಕರ್ತವ್ಯ. ಆ ಕೆಲಸವು ಸಾಕಷ್ಟು ನಡೆಯದಿರುವಾಗಲೇ, 2023ರ ಮಾರ್ಚಿನಿಂದ, ಸಾಮೂಹಿಕ ವಸತಿಗಳಲ್ಲಿ 120 ದಿನಗಳಿಗಿಂತ ಹೆಚ್ಚು ಕಾಲ ಉಳಿದವರು, ವೃದ್ಧರೇ ಮೊದಲಾದ ಕೆಲವು ವರ್ಗಗಳ ಹೊರತು, ವೆಚ್ಚದ ಅರ್ಧವನ್ನು ತಾವೇ ತೆರಬೇಕೆಂಬ ನಿಯಮ ಬಂದಿತು. ನಾಲ್ಕು ತಿಂಗಳಲ್ಲಿ ಮನುಷ್ಯನು ಅನ್ಯದೇಶದಲ್ಲಿ ತನ್ನ ಕಾಲಮೇಲೆ ನಿಲ್ಲಬಲ್ಲನೆಂಬ ಈ ಎಣಿಕೆ ಮುಂಗಡಪತ್ರದ ಅಗತ್ಯದಿಂದ ಹುಟ್ಟಿದುದೇ ಹೊರತು ಬದುಕಿನ ಪರಿಶೀಲನೆಯಿಂದಲ್ಲ.

ಜರ್ಮನಿಯ ಮಾರ್ಗ ಬೇರೆ. 2022ರ ಜೂನ್ 1ರಿಂದ ಅದು ಯುಕ್ರೇನಿನವರನ್ನು ತನ್ನ ನಿರುದ್ಯೋಗಿ ಪ್ರಜೆಗಳಿಗೆ ದೊರೆಯುವ ಸಹಾಯಧನದ ವ್ಯವಸ್ಥೆಯೊಳಕ್ಕೇ ಸೇರಿಸಿಕೊಂಡು, ಮನೆಬಾಡಿಗೆಯನ್ನೂ ಭರಿಸಿ, ಆರುನೂರು ಗಂಟೆಗಳ ಭಾಷಾಶಿಕ್ಷಣವನ್ನು ಮುಂದಿಟ್ಟಿತು. ಮೊದಲ ವರ್ಷಗಳಲ್ಲಿ ಪೋಲೆಂಡಿನಲ್ಲಿ ದುಡಿಯುತ್ತಿದ್ದ ಯುಕ್ರೇನಿನವರ ಪ್ರಮಾಣ ಜರ್ಮನಿಯಲ್ಲಿದ್ದುದಕ್ಕಿಂತ ಬಹಳ ಹೆಚ್ಚಾಗಿತ್ತೆಂಬುದು ನಿಜ. ಇದನ್ನು ಹಿಡಿದುಕೊಂಡು, ಉದಾರವಾದ ಭತ್ಯವೇ ಜನರನ್ನು ಸೋಮಾರಿಗಳನ್ನಾಗಿ ಮಾಡಿತೆಂದು ವಾದಿಸಿದವರು ಅನೇಕರು. ಈ ವಾದವು ಅರ್ಧವನ್ನು ಮಾತ್ರ ಕಾಣುತ್ತದೆ. ಪೋಲಿಷ್ ಭಾಷೆ ಯುಕ್ರೇನಿನವರಿಗೆ ದಾಯಾದಿ ನುಡಿ. ಯುದ್ಧಕ್ಕೆ ಮೊದಲೇ ಹತ್ತು ಲಕ್ಷಕ್ಕೂ ಮಿಕ್ಕಿದ ಯುಕ್ರೇನಿನವರು ಅಲ್ಲಿ ದುಡಿಯುತ್ತಿದ್ದು, ಹೊಸಬರಿಗೆ ಕೆಲಸದ ದಾರಿ ತೋರಬಲ್ಲವರಾಗಿದ್ದರು. ಕೆಲಸಕ್ಕಿಟ್ಟುಕೊಂಡ ಮಾಲಿಕನು ಹದಿನಾಲ್ಕು ದಿನಗಳೊಳಗೆ ಉದ್ಯೋಗ ಕಚೇರಿಗೆ ತಿಳಿಸಿದರೆ ಸಾಕಿತ್ತು. ಜರ್ಮನಿಯಲ್ಲಾದರೋ ಭಾಷೆ ದೂರದ್ದು, ಶಿಶುವಿಹಾರದಲ್ಲಿ ಮಗುವಿಗೆ ಸ್ಥಳ ದೊರೆಯುವುದೇ ದುರ್ಲಭ, ವೈದ್ಯೆಯ ಅಥವಾ ಉಪಾಧ್ಯಾಯಿನಿಯ ಪದವಿಯನ್ನು ಮಾನ್ಯಮಾಡುವ ಕಚೇರಿಗಳ ಗತಿ ಮಂದ. ಮಗುವನ್ನು ಎಲ್ಲಿ ಬಿಡಬೇಕೆಂದು ತಿಳಿಯದ ತಾಯಿಗೆ ದುಡಿಮೆಯ ಹಕ್ಕು ಕಾಗದದ ಮೇಲಿನ ಹಕ್ಕು. ಇತ್ತ ಪೋಲೆಂಡಿನಲ್ಲಿ ಬೇಗನೆ ಕೆಲಸ ಹಿಡಿದವರಲ್ಲಿ ಎಷ್ಟೋ ಮಂದಿ ಕಲಿತ ವಿದ್ಯೆಯನ್ನು ಬದಿಗಿಟ್ಟು ಗೋದಾಮುಗಳಲ್ಲಿ ಸರಕು ಕಟ್ಟಿದರು, ಪರರ ಮನೆಗಳನ್ನು ಗುಡಿಸಿದರು. ದುಡಿಮೆ ಯಾವುದೂ ಹೀನವಲ್ಲ, ನಿಜ. ಆದರೆ ನುರಿತ ದಾದಿಯೊಬ್ಬಳು ಗೋದಾಮಿನಲ್ಲಿ ಕಳೆದ ವರ್ಷಗಳು ಎರಡು ದೇಶಗಳಿಗೂ ನಷ್ಟವೇ. ಬೇಗ ದೊರೆತ ಕೆಲಸ, ತಕ್ಕ ಕೆಲಸ, ಇವೆರಡನ್ನೂ ಒಂದೇ ಅಂಕಿಯಿಂದ ಅಳೆಯಬಾರದು.

ಅವಧಿಯ ಎಣಿಕೆ ಎಂಥ ಪರಿಣಾಮಗಳನ್ನು ತರುವುದೆಂಬುದಕ್ಕೆ ನಮ್ಮ ದೇಶದ ಇತಿಹಾಸಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾನು ಅರಿಯೆ. 1947ರಲ್ಲಿ ಪಶ್ಚಿಮ ಪಂಜಾಬಿನಿಂದ ಬಂದವರು ಮರಳಿ ಹೋಗಲಾರರೆಂಬುದನ್ನು ದಿಲ್ಲಿ ಬೇಗನೆ ಒಪ್ಪಿಕೊಂಡಿತು. ಹಿಂದೂಗಳೂ ಸಿಖ್ಖರೂ ಅಲ್ಲಿ ಬಿಟ್ಟುಬಂದ ಭೂಮಿ ಸುಮಾರು 67 ಲಕ್ಷ ಎಕರೆ, ಮುಸಲ್ಮಾನರು ಇಲ್ಲಿ ಬಿಟ್ಟುಹೋದುದು ಸುಮಾರು 47 ಲಕ್ಷ. ತರಲೋಕ್ ಸಿಂಗ್ ಎಂಬ ಅಧಿಕಾರಿ ಇಳುವರಿಯನ್ನು ಆಧಾರವಾಗಿಟ್ಟುಕೊಂಡು ಎಕರೆಗೆ ಹೊಸ ಮಾನವನ್ನು ಕಲ್ಪಿಸಿ, ಹಿಡುವಳಿ ದೊಡ್ಡದಾದಂತೆ ಕಡಿತವೂ ಏರುವ ಕ್ರಮವನ್ನು ಯೋಜಿಸಿ, ಕೊರತೆಯನ್ನು ನ್ಯಾಯವಾಗಿ ಹಂಚಿದರು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರ ಸಹಕಾರಿ ಸಂಸ್ಥೆಯು ವಾಯವ್ಯ ಗಡಿಪ್ರಾಂತದ ನಿರಾಶ್ರಿತರ ಜೊತೆಗೂಡಿ ಫರೀದಾಬಾದಿನಲ್ಲಿ ಕೆಲಸ ಮಾಡಿದಾಗ, ಗುತ್ತಿಗೆದಾರರನ್ನು ದೂರವಿರಿಸಿ, ಆ ಜನರೇ ಕೂಲಿ ಪಡೆದು ತಮ್ಮ ಮನೆಗಳನ್ನು ಕಟ್ಟಿಕೊಂಡರು. ವಸತಿಯೂ ಉದ್ಯೋಗವೂ ಅಲ್ಲಿ ಒಂದೇ ಕಾರ್ಯದ ಎರಡು ಮುಖಗಳಾದುವು. ಪೂರ್ವ ಬಂಗಾಳದಿಂದ ಬಂದವರ ಪಾಲಿಗೆ ಇದೇ ಸರಕಾರದ ದೃಷ್ಟಿ ಬೇರೆಯಾಗಿತ್ತು. ಅವರು ಇಂದಲ್ಲ ನಾಳೆ ಹಿಂದಿರುಗುವರೆಂಬ ನಿರೀಕ್ಷೆಯೇ 1950ರ ನೆಹರು-ಲಿಯಾಕತ್ ಒಪ್ಪಂದದಲ್ಲಿಯೂ ಅಡಗಿದ್ದಿತು. ಆದುದರಿಂದ ಅವರಿಗೆ ಸಿಕ್ಕಿದುದು ಸಿಯಾಲ್‌ದಹ ನಿಲ್ದಾಣದ ನೆಲ, ಶಿಬಿರದ ಭತ್ಯ, ಹಲವು ವರ್ಷಗಳ ಕಾಯುವಿಕೆ, 1958ರ ತರುವಾಯ ಹಲವರಿಗೆ ದಂಡಕಾರಣ್ಯ. ನಮ್ಮ ಸಿಂಧನೂರಿನ ಪುನರ್ವಸತಿ ಶಿಬಿರಗಳಲ್ಲಿ ನೆಲೆಯೂರಿದ ಬಂಗಾಳಿ ಕುಟುಂಬಗಳಲ್ಲಿ ಹಲವಕ್ಕೆ ಪೌರತ್ವದ ಪ್ರಶ್ನೆಯೇ ದಶಕಗಳ ಕಾಲ ತೀರದೆ ಉಳಿಯಿತು.

ಇಂದು ಯುರೋಪಿನಲ್ಲಿ ಕಾಣುವುದು ಈ ಎರಡು ನೀತಿಗಳ ಮಿಶ್ರಣ. ಹಕ್ಕುಗಳು ಪಂಜಾಬಿನ ಬಗೆಯವು, ಅವಧಿ ಬಂಗಾಳದ ಬಗೆಯದು. ಮೂರು ವರ್ಷಗಳಿಗೆ ಮೀರದಂತೆ ಉದ್ದೇಶಿತವಾದ ರಕ್ಷಣೆಯನ್ನು ವರ್ಷ ವರ್ಷವಾಗಿ ಬೆಳೆಸುತ್ತ 2027ರ ಮಾರ್ಚಿನವರೆಗೆ ತಂದು ನಿಲ್ಲಿಸಿದ್ದಾರೆ. ಒಂದು ವರ್ಷದ ಕಾಗದವನ್ನು ಕೈಯಲ್ಲಿ ಹಿಡಿದವರಿಗೆ ಬಾಡಿಗೆಗೆ ಮನೆ ಕೊಡುವವರು ಹಿಂಜರಿಯುತ್ತಾರೆ. ಕೆಲಸ ಕಲಿಸಲು ಹಣ ಹಾಕಬೇಕಾದ ಮಾಲಿಕನೂ ಹಿಂಜರಿಯುತ್ತಾನೆ. ನೆಲೆಯನ್ನು ಭದ್ರಪಡಿಸಿದರೆ ಇವರು ಹಿಂದಿರುಗುವುದೇ ಇಲ್ಲ, ಯುಕ್ರೇನನ್ನು ಮತ್ತೆ ಕಟ್ಟುವವರಾರು ಎಂಬ ಆಕ್ಷೇಪವು ಗೌರವಿಸತಕ್ಕದ್ದೇ. ಆದರೆ ದೇಶವನ್ನು ಕಟ್ಟುವುದಕ್ಕೆ ಕಸುಬು ಬಲ್ಲವರು ಬೇಕು. ಅನಿಶ್ಚಿತತೆಯಲ್ಲಿ ಐದು ವರ್ಷ ಕಳೆದವನ ಕೈಗೆ ಯಾವ ಕಸುಬು ಹತ್ತೀತು? ಜರ್ಮನಿಯಲ್ಲಿ ವಿದ್ಯುತ್ ಕೆಲಸವನ್ನಾಗಲಿ ಶುಶ್ರೂಷೆಯನ್ನಾಗಲಿ ಕಲಿಯಲು ಮೂರು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಬೇಕು. ಅಂಥ ಶಿಕ್ಷಣಕ್ಕೆ ಸೇರಿದ ತರುಣನಿಗೂ ತರುಣಿಗೂ ಶಿಕ್ಷಣವು ಮುಗಿದು ಕೆಲಸದಲ್ಲಿ ಕೈ ಕುದುರುವ ತನಕ ವಾಸದ ಹಕ್ಕನ್ನು ಆ ದಿನವೇ ಒಟ್ಟಾಗಿ ಬರೆದುಕೊಡಲಿ. ಯುದ್ಧವು ನಡುವೆಯೇ ನಿಂತರೂ ಅದನ್ನು ಹಿಂದಕ್ಕೆ ಪಡೆಯದಿರಲಿ. ಮರಳುವುದೋ ಉಳಿಯುವುದೋ ಎಂಬುದನ್ನು ಕಲಿತ ಬಳಿಕ ಅವರೇ ನಿಶ್ಚಯಿಸಲಿ.